ಹೈಸ್ಕೂಲ್ ರೊಬೊಟಿಕ್ಸ್ ತಂಡ: ಗೆರೆ ಹಿಡಿದು ಓಡುವ ಗಾಡಿ ಮತ್ತು ಅದರ ಮುಂದಿನ ದಾರಿ

ಹೈಸ್ಕೂಲಿನಲ್ಲಿ ರೊಬೊಟಿಕ್ಸ್ ತಂಡ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕಿಟ್ಟಿನ ಬೆಲೆ ವಿಚಾರಿಸುತ್ತಾರೆ. ತುಮಕೂರು ಜಿಲ್ಲೆಯ ಶಾಲೆಗಳ ಮಟ್ಟಿಗೆ ಮೊದಲು ನೋಡಬೇಕಾದದ್ದು ವರ್ಷದ ವೇಳಾಪಟ್ಟಿ. ಹತ್ತನೇ ತರಗತಿಯವರು ದಸರಾ ರಜೆ ಕಳೆದ ಮೇಲೆ ತಂಡಕ್ಕೆ ಸಿಗುವುದಿಲ್ಲ. ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ ಎಂದು ಎಸ್‌ಎಸ್‌ಎಲ್‌ಸಿ ಅವರನ್ನು ಪೂರ್ತಿ ಎಳೆದುಕೊಳ್ಳುತ್ತದೆ, ಹಾಗೆ ಎಳೆದುಕೊಳ್ಳುವುದೂ ಸರಿಯೇ. ಆದ್ದರಿಂದ ತಂಡ ನಿಲ್ಲಬೇಕಾದದ್ದು ಒಂಬತ್ತನೆಯವರ ಮೇಲೆ. ಜೂನ್‌ನಲ್ಲಿ ಎಂಟನೆಯವರನ್ನು ಸೇರಿಸಿಕೊಂಡು, ಒಂಬತ್ತನೆಯವರ ಕೈಗೆ ಜವಾಬ್ದಾರಿ ಕೊಟ್ಟು, ಹತ್ತನೆಯವರನ್ನು ಸಲಹೆಗಾರರನ್ನಾಗಿ ದಸರಾವರೆಗೆ ಇಟ್ಟುಕೊಂಡರೆ ತಂಡ ಮರುವರ್ಷಕ್ಕೂ ಉಳಿಯುತ್ತದೆ. ಹತ್ತನೆಯವರನ್ನೇ ನಂಬಿ ಕಟ್ಟಿದ ತಂಡ ಮಾರ್ಚ್‌ಗೆ ಮುಗಿಯುತ್ತದೆ, ಕಲಿತದ್ದೆಲ್ಲ ಅವರ ಜೊತೆಗೇ ಶಾಲೆ ಬಿಟ್ಟು ಹೋಗುತ್ತದೆ.

ಸಮಯವೂ ಅಷ್ಟೇ ಮುಖ್ಯ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲಿನ ಎರಡು ಗಂಟೆ ಎಲ್ಲಕ್ಕಿಂತ ಒಳ್ಳೆಯದು. ವಾರದ ದಿನ ಸಂಜೆ ಐದರ ನಂತರ ಇಟ್ಟರೆ ಹಳ್ಳಿಗಳಿಂದ ಬರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಸ್ ತಪ್ಪುತ್ತದೆಂದು ಮೊದಲು ಬಿಟ್ಟುಹೋಗುತ್ತಾರೆ. ಉಳಿಯುವವರು ಶಾಲೆಯ ಪಕ್ಕದಲ್ಲೇ ಮನೆ ಇರುವವರು ಮಾತ್ರ.

ತಂಡದ ಮೊದಲ ಕೆಲಸ ಗೆರೆಗಾಡಿ, ಅಂದರೆ ನೆಲದ ಮೇಲಿನ ಕಪ್ಪು ಗೆರೆಯನ್ನು ಸೆನ್ಸರಿನಿಂದ ತಾನೇ ನೋಡಿಕೊಂಡು ಓಡುವ ಪುಟ್ಟ ಗಾಡಿ. ಒಂದು ಗಾಡಿಗೆ ನಾಲ್ಕು ಮಕ್ಕಳು. ಆರಾದರೆ ಇಬ್ಬರು ನೋಡುತ್ತಾ ನಿಲ್ಲುತ್ತಾರೆ. ವೈರಿಂಗ್, ಕೋಡ್, ಚಾಸಿ (ಗಾಡಿಯ ಚೌಕಟ್ಟು), ದಾಖಲೆ ಪುಸ್ತಕ ಎಂದು ನಾಲ್ಕು ಕೆಲಸ ಮಾಡಿ, ತಿಂಗಳಿಗೊಮ್ಮೆ ಅದಲುಬದಲು ಮಾಡಬೇಕು. ಬಿಟ್ಟರೆ ಏನಾಗುತ್ತದೆ ಎಂಬುದು ಎಲ್ಲ ಕಡೆ ಒಂದೇ ರೀತಿ: ಕೋಡ್ ಬರುವ ಹುಡುಗ ಲ್ಯಾಪ್‌ಟಾಪ್ ಬಿಡುವುದಿಲ್ಲ, ಅಕ್ಷರ ಚೆನ್ನಾಗಿದೆ ಎಂದು ಹುಡುಗಿಯ ಕೈಗೆ ಪುಸ್ತಕ ಮತ್ತು ಚಾರ್ಟು ಹೋಗುತ್ತದೆ. ಆ ಹುಡುಗಿ ವರ್ಷವಿಡೀ ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಅಳೆಯುವ ಮೀಟರ್) ಮುಟ್ಟದೆ ತಂಡದಲ್ಲಿದ್ದರೆ ಅವಳಿಗೆ ತಂಡದಿಂದ ಸಿಕ್ಕಿದ್ದೇನು? ಈ ವಿಷಯದಲ್ಲಿ ಮೇಷ್ಟ್ರು ಅಥವಾ ಟೀಚರ್ ಸ್ವಲ್ಪ ಗಟ್ಟಿಯಾಗಿಯೇ ಇರಬೇಕು.

ನನ್ನ ಮಟ್ಟಿಗೆ ಇಂಥ ತಂಡದಿಂದ ಮಗು ಹೊತ್ತುಕೊಂಡು ಹೋಗಬೇಕಾದ ಮುಖ್ಯ ವಿದ್ಯೆ ಒಂದು: ಕೆಟ್ಟಿರುವುದು ಎಲ್ಲಿ ಎಂದು ಅಳೆದು ಹುಡುಕುವುದು. ಕೋಡ್ ಮರೆಯುತ್ತದೆ, ಬೋರ್ಡ್ ಬದಲಾಗುತ್ತದೆ. ಎಂಜಿನಿಯರಿಂಗ್ ಕೆಲಸದಲ್ಲಿ ಕೊನೆಯವರೆಗೂ ಬಳಕೆಗೆ ಬರುವುದು ಈ ಅಭ್ಯಾಸವೇ. ಆದ್ದರಿಂದ ಕೆಳಗೆ ಭಾಗಗಳ ವಿಷಯ ಬೇಗ ಮುಗಿಸಿ, ಏನೇನು ಕೆಡುತ್ತದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಗೆರೆ ಹಿಡಿದು ಓಡುವ ಗಾಡಿಗೆ ಬೇಕಾದದ್ದು: ಒಂದು ಆರ್ಡುಯಿನೊ ಉನೊ ಮಾದರಿಯ ಬೋರ್ಡು (ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್), 1:48 ಗೇರಿನ ಹಳದಿ ಬಿಒ ಮೋಟಾರ್ (ಗೇರು ಸೇರಿದ ಸಣ್ಣ ಮೋಟಾರ್) ಎರಡು, 65 ಮಿ.ಮೀ. ಚಕ್ರ ಎರಡು, ಒಂದು ಕ್ಯಾಸ್ಟರ್ (ಎತ್ತ ಬೇಕಾದರೂ ಹೊರಳುವ ಸಣ್ಣ ಚಕ್ರ), ಬೋರ್ಡಿನ ಸಂಕೇತದಂತೆ ಮೋಟಾರಿಗೆ ಕರೆಂಟು ಕೊಡುವ ಒಂದು ಮೋಟಾರ್ ಡ್ರೈವರ್, ಐದು ಸೆನ್ಸರಿನ ಐಆರ್ (ಇನ್ಫ್ರಾರೆಡ್) ಪಟ್ಟಿ, ಮತ್ತೆ ಚಾರ್ಜ್ ಮಾಡಬಹುದಾದ 18650 ಲಿಥಿಯಂ ಸೆಲ್ ಎರಡು, ಹೋಲ್ಡರ್, ಸ್ವಿಚ್. ಇದೆಲ್ಲ ಅಂದಾಜು ಎರಡೂವರೆ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಮಲ್ಟಿಮೀಟರ್ ಮತ್ತು ಬೆಸುಗೆ ಕಡ್ಡಿ ಶಾಲೆಗೆ ಒಂದೊಂದಾದರೂ ಇರಲಿ. ಮೋಟಾರ್ ಎರಡು ಹೆಚ್ಚಿಗೆ ತನ್ನಿ, ಅವುಗಳ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತದೆ. ತುಮಕೂರಿನಿಂದ ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನಕ್ಕೆ ವಾಪಸಾಗಬಹುದು, ಭಾನುವಾರ ಮಾತ್ರ ಬಹುತೇಕ ಅಂಗಡಿ ಮುಚ್ಚಿರುತ್ತವೆ. ಸೆಲ್ ಕೊಳ್ಳುವಾಗ ಎಚ್ಚರ: 18650 ಸೆಲ್ಲಿನ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದಿದ್ದರೆ ಅದು ಸುಳ್ಳು. ಈ ಗಾತ್ರದ ಒಳ್ಳೆಯ ಸೆಲ್ 3500ರ ಆಸುಪಾಸಿಗೆ ನಿಲ್ಲುತ್ತದೆ, ತೂಕ 45 ಗ್ರಾಂ ಹತ್ತಿರ ಇರುತ್ತದೆ. ಕೈಗೆ ತೀರಾ ಹಗುರ ಅನ್ನಿಸಿದ್ದನ್ನು ಬಿಟ್ಟುಬಿಡಿ.

ಚಾಸಿಗೆ ಅಕ್ರಿಲಿಕ್ ಹಾಳೆ ನೋಡಲು ಚೆಂದ, ಆದರೆ ಸ್ಕ್ರೂ ತೂತಿನ ಬಳಿ ಸೀಳುತ್ತದೆ. 4 ಮಿ.ಮೀ. ಪ್ಲೈವುಡ್ ಅಥವಾ ಫ್ಲೆಕ್ಸ್ ಅಂಗಡಿಯವರಲ್ಲಿ ಉಳಿದ 5 ಮಿ.ಮೀ. ಸನ್‌ಬೋರ್ಡ್ ತುಂಡು ಸಾಕು.

ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಯಂತ್ರ, ಎಲೆಕ್ಟ್ರಾನಿಕ್ಸ್ ಮಾಡಿ ಕಲಿಯುವ ಪ್ರಯೋಗಾಲಯ) ಇರುವ ಶಾಲೆಗೆ ಇದ್ಯಾವುದೂ ಕಷ್ಟವಲ್ಲ. 2016ರಲ್ಲಿ ನೀತಿ ಆಯೋಗ ಶುರುಮಾಡಿದ ಈ ಯೋಜನೆಯಲ್ಲಿ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, ಅದರಲ್ಲಿ 10 ಲಕ್ಷ ಲ್ಯಾಬ್ ಕಟ್ಟಲು, ಉಳಿದ 10 ಲಕ್ಷ ಐದು ವರ್ಷ ನಡೆಸಲು. ಆದರೆ ಸಾಮಾನು ಕಳೆದರೆ, ಸುಟ್ಟರೆ ಲೆಕ್ಕ ಯಾರು ಕೊಡುವುದು ಎಂಬ ಭಯಕ್ಕೆ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಅಷ್ಟೂ ದುಡ್ಡು ವ್ಯರ್ಥ. ಬೋರ್ಡ್, ಸೆನ್ಸರ್, ವೈರುಗಳನ್ನು ಬಳಸಿ ಸವೆಯುವ ವಸ್ತುಗಳೆಂದು ದಾಸ್ತಾನು ಪುಸ್ತಕದಲ್ಲಿ ಪ್ರತ್ಯೇಕ ಪುಟದಲ್ಲಿ ಬರೆದಿಟ್ಟರೆ ಮೇಷ್ಟ್ರ ಭಯ ಅರ್ಧ ಕಡಿಮೆಯಾಗುತ್ತದೆ.

ಈಗ ಕೆಡುವ ವಿಷಯ. ಮೊದಲನೆಯದು ಕರೆಂಟು. ಮಕ್ಕಳು ಅಂಗಡಿಯಿಂದ ಚೌಕದ 9 ವೋಲ್ಟ್ ಬ್ಯಾಟರಿ ತಂದು ಸಿಕ್ಕಿಸುತ್ತಾರೆ. ಮೀಟರಿನಲ್ಲಿ 9 ಬರುತ್ತದೆ, ಮೋಟಾರ್ ತಿರುಗಲು ಹೊರಟ ಕ್ಷಣವೇ ಬೋರ್ಡಿನ ದೀಪ ಆರಿ ಹತ್ತುತ್ತದೆ, ಗಾಡಿ ಒಂದೊಂದು ಸಲ ಜರುಗಿ ನಿಲ್ಲುತ್ತದೆ. ಕೋಡ್ ತಪ್ಪೆಂದು ಎರಡು ಶನಿವಾರ ಅದನ್ನೇ ಹುಡುಕುತ್ತಾರೆ. ಆ ಬ್ಯಾಟರಿಯ ಒಳಗಿನ ರೋಧ ಹೆಚ್ಚು. ಮೋಟಾರ್ ಹೊರಡುವಾಗ ಕೇಳುವಷ್ಟು ಆಂಪಿಯರ್ ಕೊಡಲಾಗದೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಪರೀಕ್ಷೆ ಸುಲಭ: ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದುಕೊಂಡೇ ಮೋಟಾರ್ ಹೊರಡಿಸಿ, ಅಂಕಿ ಎಲ್ಲಿಗೆ ಇಳಿಯುತ್ತದೆ ನೋಡಿ. ಸುಮ್ಮನೆ ಕೂತಿರುವಾಗ ಅಳೆದ ವೋಲ್ಟೇಜಿಗೆ ಬೆಲೆಯಿಲ್ಲ ಎಂಬ ಪಾಠ ಮಕ್ಕಳಿಗೆ ಇಲ್ಲೇ ಹತ್ತುತ್ತದೆ.

ಎರಡು 18650 ಸೆಲ್ ಸರಣಿಯಲ್ಲಿ ಹಾಕಿದರೆ ತುಂಬಿದಾಗ 8.4 ವೋಲ್ಟ್, ಸಾಮಾನ್ಯವಾಗಿ 7.4. ಇದು ಸಾಕು. ಆದರೂ ಎಲ್298ಎನ್ ಡ್ರೈವರ್ ಬಳಸಿದರೆ ಅದರೊಳಗೇ ಎರಡು ವೋಲ್ಟ್ ಹತ್ತಿರ ಕಳೆದು, ಶಾಖವಾಗಿ ಹೋಗುತ್ತದೆ. ಮೋಟಾರಿಗೆ ತಲುಪುವುದು ಐದೂವರೆ. ಅದರ ಮೇಲಿರುವ 5 ವೋಲ್ಟ್ ರೆಗ್ಯುಲೇಟರಿಗೂ ಒಳಗೆ 7ರ ಹತ್ತಿರ ಬೇಕು. ಸೆಲ್ಲುಗಳು ಆರೂವರೆಗೆ ಇಳಿದವೋ, ಅಲ್ಲಿಂದ ಬೋರ್ಡಿಗೆ ಕೊಟ್ಟ 5 ವೋಲ್ಟ್ ಕುಸಿದು ಸೆನ್ಸರುಗಳು ಹುಚ್ಚು ಅಂಕಿ ಕೊಡತೊಡಗುತ್ತವೆ. ಟಿಬಿ6612 ಡ್ರೈವರ್ ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರಿನದ್ದು, ಅದರಲ್ಲಿ ನಷ್ಟ ಬಹಳ ಕಡಿಮೆ. ಬಿಒ ಮೋಟಾರಿಗೆ ಅದೇ ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎಲ್298ಎನ್ನೇ ಇದ್ದರೆ ಎನೇಬಲ್ ಪಿನ್ನುಗಳ ಮೇಲಿರುವ ಪುಟ್ಟ ಕಪ್ಪು ಜಂಪರ್ ಕಿತ್ತು, ಆ ಪಿನ್ನಿಗೆ ಪಿಡಬ್ಲ್ಯೂಎಂ (ಬೇಗಬೇಗ ಹಾಕಿ ಆರಿಸಿ ಮೋಟಾರಿನ ವೇಗ ಹೊಂದಿಸುವ ಸಂಕೇತ) ವೈರ್ ಕೊಡಬೇಕು. ಜಂಪರ್ ಹಾಗೇ ಇದ್ದರೆ ಕೋಡಿನಲ್ಲಿ ಎಷ್ಟೇ ವೇಗ ಬರೆದರೂ ಮೋಟಾರ್ ಪೂರ್ತಿ ವೇಗದಲ್ಲೇ ಓಡುತ್ತದೆ.

ಮುಂದಿನದು ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ತಂತಿ. ಬೋರ್ಡಿಗೆ ಯುಎಸ್‌ಬಿಯಿಂದ, ಮೋಟಾರಿಗೆ ಸೆಲ್ಲಿನಿಂದ ಕರೆಂಟು ಕೊಟ್ಟು, ಎರಡರ ಗ್ರೌಂಡ್ ಜೋಡಿಸದಿದ್ದರೆ ಡ್ರೈವರಿಗೆ ಸಂಕೇತ ಅರ್ಥವಾಗುವುದಿಲ್ಲ. ವೋಲ್ಟೇಜ್ ಎಂದರೆ ಎರಡು ಬಿಂದುಗಳ ನಡುವಿನ ಅಂತರ ಎಂದು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ, ಇಲ್ಲಿ ಕಣ್ಣಾರೆ ನೋಡುತ್ತಾರೆ.

ಭಾಗಗಳ ನಡುವೆ ಸಿಕ್ಕಿಸುವ ಜಂಪರ್ ವೈರುಗಳು ಗಾಡಿಯ ಅದುರುವಿಕೆಗೆ ಸಡಿಲವಾಗುತ್ತವೆ. ಮೇಜಿನ ಮೇಲೆ ಓಡಿದ ಗಾಡಿ ನೆಲದ ಮೇಲೆ ಓಡದಿದ್ದರೆ ಮೊದಲ ಗುಮಾನಿ ಅದರ ಮೇಲೆ. ವಿನ್ಯಾಸ ಒಮ್ಮೆ ಗಟ್ಟಿಯಾದ ಮೇಲೆ ವೈರು ಸಿಕ್ಕಿಸುವ ಬ್ರೆಡ್‌ಬೋರ್ಡ್ ಬಿಟ್ಟು ಜೀರೊ ಪಿಸಿಬಿಗೆ (ಸಾಲಾಗಿ ತೂತುಗಳಿರುವ ಬೆಸುಗೆ ಹಲಗೆ) ಬೆಸುಗೆ ಹಾಕಿ. ಬೆಸುಗೆ ತಂತಿಯಲ್ಲಿ ಸೀಸ ಇರುವುದರಿಂದ ಕಿಟಕಿ ತೆರೆದಿರಲಿ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಯಾರೂ ಊಟದ ಡಬ್ಬಿ ಮುಟ್ಟುವಂತಿಲ್ಲ.

ಮಲ್ಟಿಮೀಟರ್ ಬಗ್ಗೆಯೂ ಒಂದು ಮಾತು. ಕಡಿಮೆ ಬೆಲೆಯ ಹಳದಿ ಮೀಟರುಗಳಲ್ಲಿ 10 ಆಂಪಿಯರಿನ ತೂತಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಕರೆಂಟ್ ಅಳೆದು ಮುಗಿಸಿದವರು ಕೆಂಪು ಕಡ್ಡಿಯನ್ನು ಅಲ್ಲೇ ಬಿಟ್ಟು ಹೋಗಿ, ಮುಂದಿನವರು ಸೆಲ್ಲಿನ ವೋಲ್ಟೇಜ್ ಅಳೆಯಲು ಹಿಡಿದರೆ ಅದು ನೇರ ಶಾರ್ಟ್. ಲಿಥಿಯಂ ಸೆಲ್ಲಿಗೆ ಇದು ಅಪಾಯ. ಕೆಲಸ ಮುಗಿದ ಕೂಡಲೇ ಕಡ್ಡಿ ವೋಲ್ಟ್ ತೂತಿಗೆ ಮರಳಬೇಕೆಂಬುದು ತಂಡದ ನಿಯಮವಾಗಲಿ. ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಒಂದೇ ಸೆಲ್ಲಿಗೆಂದು ಮಾಡಿರುವ ಟಿಪಿ4056 ಬೋರ್ಡಿನಲ್ಲಿ ಎರಡನ್ನು ಸರಣಿಯಲ್ಲಿ ಚಾರ್ಜ್ ಮಾಡಬೇಡಿ. ಚಾರ್ಜಿಗೆ ಹಾಕಿ ಕೋಣೆಗೆ ಬೀಗ ಹಾಕಿಕೊಂಡು ಹೋಗಬೇಡಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ಸೆನ್ಸರಿನ ತೊಂದರೆ ಬೇರೆ ಬಗೆಯದು. ಐಆರ್ ಸೆನ್ಸರ್ ತಾನೇ ಇನ್ಫ್ರಾರೆಡ್ ಬೆಳಕು ಬಿಟ್ಟು, ನೆಲದಿಂದ ಎಷ್ಟು ವಾಪಸ್ ಬಂತು ಎಂದು ನೋಡುತ್ತದೆ. ಬಿಸಿಲಿನಲ್ಲೂ ಇನ್ಫ್ರಾರೆಡ್ ತುಂಬಿದೆ. ಆದ್ದರಿಂದ ಬೆಳಿಗ್ಗೆ ಸರಿಯಾಗಿ ಓಡಿದ ಗಾಡಿ ಮಧ್ಯಾಹ್ನ ಕಿಟಕಿಯ ಬಿಸಿಲು ಟ್ರ್ಯಾಕಿನ ಮೇಲೆ ಬಿದ್ದ ಕೂಡಲೇ ದಾರಿ ತಪ್ಪುತ್ತದೆ. ಸೆನ್ಸರ್ ನೆಲದಿಂದ 3ರಿಂದ 5 ಮಿ.ಮೀ. ಎತ್ತರದಲ್ಲಿರಲಿ, ಸುತ್ತ ಕಪ್ಪು ಕಾಗದದ ಸೆರಗು ಅಂಟಿಸಿ. ಗೆರೆ ಎಳೆಯಲು ಸಿಕ್ಕ ಮಾರ್ಕರ್ ಬಳಸಬೇಡಿ, ಕೆಲವು ಶಾಯಿ ಕಣ್ಣಿಗೆ ಕಪ್ಪಾಗಿ ಕಂಡರೂ ಇನ್ಫ್ರಾರೆಡ್ಡನ್ನು ಹಾಗೇ ಹಿಂದಕ್ಕೆ ಬಿಡುತ್ತವೆ. ಹೊಳೆಯುವ ಇನ್ಸುಲೇಷನ್ ಟೇಪು, ಹೊಳೆಯುವ ಫ್ಲೆಕ್ಸ್ ಎರಡೂ ಕಷ್ಟ. ಮ್ಯಾಟ್ ಫ್ಲೆಕ್ಸಿನ ಮೇಲೆ 25 ಮಿ.ಮೀ. ಗೆರೆ ಪ್ರಿಂಟ್ ಹಾಕಿಸಿ, ಮೊದಲು ಒಂದು ಸಣ್ಣ ತುಂಡಿನಲ್ಲಿ ಕಪ್ಪು–ಬಿಳಿಯ ಅಂಕಿಗಳ ಅಂತರ ನೋಡಿ, ಆಮೇಲೆ ದೊಡ್ಡದು ಮಾಡಿಸಿ.

ಹೌದು–ಇಲ್ಲ ಎಂದಷ್ಟೇ ಹೇಳುವ ಸೆನ್ಸರಿಗಿಂತ ಅನಲಾಗ್ ಅಂಕಿ ಕೊಡುವುದನ್ನು ಆರಿಸಿ. ಓಟಕ್ಕೆ ಮುಂಚೆ ಗಾಡಿಯನ್ನು ಗೆರೆಯ ಮೇಲೆ ಅತ್ತಿತ್ತ ಆಡಿಸಿ, ಪ್ರತಿ ಸೆನ್ಸರಿನ ಕನಿಷ್ಠ, ಗರಿಷ್ಠ ಅಂಕಿ ಹಿಡಿದಿಟ್ಟು, ಎಲ್ಲವನ್ನೂ 0–1000ದ ಅಳತೆಗೆ ತರಬೇಕು. ಐದು ಸೆನ್ಸರಿಗೆ ಎಡದಿಂದ −2, −1, 0, 1, 2 ಎಂದು ತೂಕ ಕೊಟ್ಟು ಸರಾಸರಿ ತೆಗೆದರೆ ಗಾಡಿ ಗೆರೆಯಿಂದ ಎಷ್ಟು ಸರಿದಿದೆ ಎಂಬುದು ಒಂದೇ ಸಂಖ್ಯೆಯಲ್ಲಿ ಸಿಗುತ್ತದೆ. ಗೆರೆ ಪೂರ್ತಿ ತಪ್ಪಿದರೆ ಕೊನೆಯ ಸಲ ಯಾವ ಕಡೆ ಕಂಡಿತ್ತೋ ಆ ಕಡೆಗೇ ತಿರುಗಬೇಕು. ಆ ಒಂದು ಸಾಲು ಕೋಡ್ ಬರೆಯದೆ ತಿರುವಿನಲ್ಲಿ ಹೊರಬೀಳುವ ಗಾಡಿಗಳು ಬಹಳ.

ಆ ಸಂಖ್ಯೆ ನೋಡಿ ಗಾಡಿಯನ್ನು ಗೆರೆಗೆ ಮರಳಿಸುವ ಲೆಕ್ಕಕ್ಕೆ ಪಿಐಡಿ ಎನ್ನುತ್ತಾರೆ: ಪಿ ಈಗ ಎಷ್ಟು ಸರಿದಿದೆ ಎಂಬುದಕ್ಕೆ, ಐ ಕೂಡುತ್ತಾ ಬಂದ ತಪ್ಪಿಗೆ, ಡಿ ತಪ್ಪು ಎಷ್ಟು ಬೇಗ ಬದಲಾಗುತ್ತಿದೆ ಎಂಬುದಕ್ಕೆ. ಅದನ್ನು ಹೊಂದಿಸುವ ಕ್ರಮ ಹೀಗಿರಲಿ. ವೇಗವನ್ನು ಕೋಡಿನ ಗರಿಷ್ಠ 255ರಲ್ಲಿ 100ಕ್ಕೆ ಇಟ್ಟು, ಪಿ ಮಾತ್ರ ಹೆಚ್ಚಿಸುತ್ತಾ ಹೋಗಿ, ಗಾಡಿ ಹಾವಿನಂತೆ ಓಲಾಡತೊಡಗಿದಾಗ ನಿಲ್ಲಿಸಿ. ಓಲಾಟ ಅಡಗುವವರೆಗೆ ಡಿ ಸೇರಿಸಿ. ಐ ಸೊನ್ನೆಯೇ ಇರಲಿ, ಗೆರೆಗಾಡಿಗೆ ಅದರ ಅಗತ್ಯ ಕಡಿಮೆ. ವೇಗ ಹೆಚ್ಚಿಸಿದಾಗಲೆಲ್ಲ ಎರಡನ್ನೂ ಮತ್ತೆ ನೋಡಬೇಕು. ಇಲ್ಲಿ ಎಲ್ಲರೂ ಸಿಕ್ಕಿಬೀಳುವ ಜಾಗ ಇನ್ನೊಂದಿದೆ. ಸೆನ್ಸರ್ ಅಂಕಿಯನ್ನು ಲ್ಯಾಪ್‌ಟಾಪಿನಲ್ಲಿ ನೋಡಲು ಕೋಡಿಗೆ ಹಾಕಿದ ಸೀರಿಯಲ್ ಪ್ರಿಂಟ್ ಸಾಲನ್ನು ತೆಗೆಯುವುದು ಮರೆಯುತ್ತಾರೆ. 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್. ಇಪ್ಪತ್ತು ಅಕ್ಷರದ ಸಾಲು ಕೋಡಿನ ಪ್ರತಿ ಸುತ್ತಿನಲ್ಲೂ ಹೋಗುತ್ತಿದ್ದರೆ ಬಫರ್ (ಅಕ್ಷರಗಳು ಸರದಿ ಕಾಯುವ ಜಾಗ) ತುಂಬಿ, ಸುತ್ತಿಗೆ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 0.6 ಮೀಟರ್ ಓಡುವ ಗಾಡಿ ಅಷ್ಟರಲ್ಲಿ 12 ಮಿ.ಮೀ. ಕುರುಡಾಗಿ ಮುಂದೆ ಹೋಗಿರುತ್ತದೆ, ಅಂದರೆ ಗೆರೆಯ ಅರ್ಧ ಅಗಲದಷ್ಟು. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಿ. ಒಂಬತ್ತನೇ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ಗೊತ್ತಿಲ್ಲ.

ಗಾಡಿಗೆ ವಸ್ತು ಎತ್ತುವ ಯಂತ್ರದ ಕೈಯೊಂದನ್ನು ಜೋಡಿಸಲು ಸರ್ವೊ ಮೋಟಾರ್ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಹಾಕಿದ ದಿನ ಇದ್ದಕ್ಕಿದ್ದಂತೆ ಚಕ್ರದ ವೇಗ ಹಿಡಿತಕ್ಕೆ ಸಿಗದಿದ್ದರೆ ಗಾಬರಿ ಬೇಡ. ಉನೊದಲ್ಲಿ ಸರ್ವೊ ಲೈಬ್ರರಿ ಬಳಸಿದರೆ 9 ಮತ್ತು 10ನೇ ಪಿನ್ನಿನ ಪಿಡಬ್ಲ್ಯೂಎಂ ಕೆಲಸ ಮಾಡುವುದಿಲ್ಲ. ಮೋಟಾರುಗಳನ್ನು 5 ಮತ್ತು 6ಕ್ಕೆ ಬದಲಿಸಿ. ಎಸ್‌ಜಿ90 ಎಂಬ ಸಣ್ಣ ಸರ್ವೊದ ಬಲ 4.8 ವೋಲ್ಟಿನಲ್ಲಿ 1.8 ಕೆ.ಜಿ.–ಸೆಂ.ಮೀ., ಅಂದರೆ 1 ಸೆಂ.ಮೀ. ದೂರದಲ್ಲಿ 1.8 ಕೆ.ಜಿ. ತಡೆಯುವಷ್ಟು. ಕೈ 12 ಸೆಂ.ಮೀ. ಇದ್ದು ಅದರ ತುದಿಗೆ 100 ಗ್ರಾಂ ತೂಗಿಸಿದರೆ 1.2 ಬೇಕು, ಕೈಯ ತೂಕ ಬೇರೆ. ಕಾಗದದ ಮೇಲೆ ಸಾಕಾಗುತ್ತದೆ, ಕೆಲಸದಲ್ಲಿ ಗೇರಿನ ಹಲ್ಲು ಉದುರುತ್ತದೆ. ಅರ್ಧ ಬಲದೊಳಗೆ ಮುಗಿಯುವಂತೆ ಕೈಯನ್ನು ಗಿಡ್ಡ ಮಾಡುವುದೇ ಸರಿ.

ಇದೆಲ್ಲ ದಾಖಲೆ ಪುಸ್ತಕಕ್ಕೆ ಬರಬೇಕು. ದಿನಾಂಕ, ಓಟಕ್ಕೆ ಮುಂಚಿನ ಸೆಲ್ ವೋಲ್ಟೇಜ್, ಏನನ್ನು ಬದಲಿಸಿದಿರಿ, ಏನಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ವೋಲ್ಟೇಜ್ ಬರೆಯದಿದ್ದರೆ 8.4ರಲ್ಲಿ ಹೊಂದಿಸಿದ ಪಿ, ಡಿ ಅಂಕಿಗಳು 7.2ರಲ್ಲಿ ಯಾಕೆ ಬೇರೆ ಥರ ವರ್ತಿಸಿದವು ಎಂಬುದು ತಿಳಿಯದೆ ಹೋಗುತ್ತದೆ. ಫಸ್ಟ್ ಟೆಕ್ ಚಾಲೆಂಜ್‌ನಂಥ ಅಂತರರಾಷ್ಟ್ರೀಯ ಶಾಲಾ ರೊಬೊಟಿಕ್ಸ್ ಸ್ಪರ್ಧೆಗಳಲ್ಲಿ ಗಾಡಿ ಹೊರಡುವಾಗ 18 ಇಂಚಿನ ಘನದೊಳಗೆ ಹಿಡಿಸಬೇಕೆಂಬ ನಿಯಮದ ಜೊತೆಗೆ, 15 ಪುಟಗಳ ಎಂಜಿನಿಯರಿಂಗ್ ಪೋರ್ಟ್‌ಫೋಲಿಯೊವನ್ನೂ (ತಂಡದ ಕೆಲಸದ ದಾಖಲೆ) ತೀರ್ಪುಗಾರರು ನೋಡುತ್ತಾರೆ. ಅಂಥ ಸ್ಪರ್ಧೆಯ ಕಿಟ್ಟಿನ ಖರ್ಚು ನಮ್ಮ ಬಹುತೇಕ ಶಾಲೆಗಳ ಅಳವಿಗೆ ಮೀರಿದ್ದು. ಮಕ್ಕಳ ಹೊಸ ಆಲೋಚನೆಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆ ಹತ್ತಿರದ ದಾರಿ, ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಅಲ್ಲಿಗೆ ಗೆರೆಗಾಡಿ ಕಳಿಸಬೇಡಿ, ಊರಿನ ಸಮಸ್ಯೆ ಕಳಿಸಿ. ತಿಪಟೂರಿನ ಕಡೆಯ ಮಕ್ಕಳಾದರೆ ಉಂಡೆ ಕೊಬ್ಬರಿಯನ್ನು ತೂಕದ ಮೇಲೆ ಬೇರ್ಪಡಿಸುವ ಯಂತ್ರ: 5 ಕೆ.ಜಿ. ಲೋಡ್ ಸೆಲ್ (ತೂಕದ ಸೆನ್ಸರ್), ಅದರ ಸಣ್ಣ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡು, ತಳ್ಳಲು ಒಂದು ಸರ್ವೊ. ಲೋಡ್ ಸೆಲ್ಲಿನ ಒಂದು ತುದಿಯನ್ನಷ್ಟೇ ಬಿಗಿದು ಇನ್ನೊಂದು ಗಾಳಿಯಲ್ಲಿರಬೇಕು, ಬಾಣದ ಗುರುತು ಕೆಳಮುಖವಾಗಿರಬೇಕು. ತಟ್ಟೆ ನೆಲಕ್ಕೆ ತಾಗುತ್ತಿದ್ದರೆ ತೂಕ ಯಾವತ್ತೂ ಸರಿ ಬರುವುದಿಲ್ಲ. ಪಾವಗಡದ ಕಡೆಯವರಿಗೆ ಸೋಲಾರ್ ಪ್ಯಾನೆಲ್ ಮೇಲಿನ ದೂಳು ಒರೆಸುವ ಗಾಡಿ ಇದೆ. 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ, ನೀರಿಗೆ ಬರವಿರುವ ತಾಲ್ಲೂಕಿನಲ್ಲಿ ಇದು ನಿಜವಾದ ಕೆಲಸ. ಇಳಿಜಾರಿನಲ್ಲಿ ಚಕ್ರ ಜಾರದಂತೆ, ಅಂಚು ಬಂದಾಗ ಬೀಳದಂತೆ ಮಾಡುವುದರಲ್ಲೇ ಒಂದು ವರ್ಷದ ಪಾಠವಿದೆ.

ಎಸ್‌ಎಸ್‌ಎಲ್‌ಸಿ ಆದ ಮೇಲೆ ಏನು? ಪಿಯುಸಿ ವಿಜ್ಞಾನ, ಆಮೇಲೆ ಸಿಇಟಿ ಎಂಬುದೊಂದೇ ದಾರಿ ಎಂದು ಮನೆಗಳಲ್ಲಿ ನಂಬಿಕೆಯಿದೆ. ಕೈಕೆಲಸದಲ್ಲಿ ಮನಸ್ಸಿರುವ ಮಗುವಿಗೆ ಮೂರು ವರ್ಷದ ಡಿಪ್ಲೊಮಾ ಎಷ್ಟೋ ಸಲ ಹೆಚ್ಚು ಒಪ್ಪುತ್ತದೆ. ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ ಸೀಟು, ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಶುಲ್ಕ ಕಡಿಮೆ, ಮೊದಲ ವರ್ಷದಿಂದಲೇ ವರ್ಕ್‌ಶಾಪ್. ಮುಗಿದ ಮೇಲೆ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಒಟ್ಟು ಆರು ವರ್ಷ, ಪಿಯುಸಿ ದಾರಿಯಲ್ಲೂ ಅಷ್ಟೇ. ಆದರೆ ಇಲ್ಲಿ ಮಧ್ಯದಲ್ಲೇ ಕೆಲಸ ಹಿಡಿಯುವಂಥ ಒಂದು ಪ್ರಮಾಣಪತ್ರ ಕೈಯಲ್ಲಿರುತ್ತದೆ. ತೊಡಕು ಗಣಿತದ್ದು: ಡಿಪ್ಲೊಮಾದಿಂದ ಬಂದವರು ಬಿಇ ಗಣಿತದಲ್ಲಿ ಏದುಸಿರು ಬಿಡುತ್ತಾರೆ, ಆದ್ದರಿಂದ ಪಿಯುಸಿ ಗಣಿತದ ಕಲನಶಾಸ್ತ್ರವನ್ನು ಮೂರನೇ ವರ್ಷದಲ್ಲಾದರೂ ಓದಿಕೊಂಡಿರಬೇಕು. ಪಿಯುಸಿಗೆ ಹೋಗುವವರು ನೆನಪಿಡಬೇಕಾದದ್ದು, ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ.

ಬ್ರಾಂಚ್ ವಿಷಯದಲ್ಲಿ ಎಲ್ಲರೂ ಕಂಪ್ಯೂಟರ್ ಸೈನ್ಸ್ ಎನ್ನುತ್ತಾರೆ. ತಂಡದಲ್ಲಿ ವೈರಿಂಗ್ ಇಷ್ಟಪಟ್ಟ ಮಗು ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಕಡೆ, ಚಾಸಿ ಇಷ್ಟಪಟ್ಟದ್ದು ಮೆಕ್ಯಾನಿಕಲ್ ಅಥವಾ ಮೆಕಾಟ್ರಾನಿಕ್ಸ್ ಕಡೆ ಹೋಗಲಿ. ವರ್ಷವಿಡೀ ಕೆಲಸ ಅದಲುಬದಲು ಮಾಡಿಸಿದ್ದರೆ ಈ ಆಯ್ಕೆ ಮಕ್ಕಳಿಗೇ ಗೊತ್ತಿರುತ್ತದೆ. ತುಮಕೂರಿನಲ್ಲೇ 1963ರಿಂದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಇದೆ. ಕೆಲಸದ ಜಾಗಗಳೂ ದೂರವಿಲ್ಲ: ವಸಂತನರಸಾಪುರ ಕೈಗಾರಿಕಾ ಪ್ರದೇಶ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಆ ಕಡೆ ಕೋಲಾರದ ನರಸಾಪುರ.

ಕಾರ್ಖಾನೆಯಲ್ಲಿ ಆರ್ಡುಯಿನೊ ಕಾಣುವುದಿಲ್ಲ. ಅಲ್ಲಿರುವುದು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್), 24 ವೋಲ್ಟ್, ಲ್ಯಾಡರ್ ಲಾಜಿಕ್ (ಏಣಿಯಂಥ ಚಿತ್ರದಲ್ಲಿ ಬರೆಯುವ ಅದರ ಕೋಡ್). ಆದರೆ ಗೆರೆಗಾಡಿಯೇ ಅಲ್ಲಿ ಸಾಮಾನು ಸಾಗಿಸುವ ಸ್ವಯಂಚಾಲಿತ ಗಾಡಿ, ಐಆರ್ ಸೆನ್ಸರೇ ಅಲ್ಲಿ ಫೋಟೊಎಲೆಕ್ಟ್ರಿಕ್ ಸೆನ್ಸರ್, ಅದೇ ಪಿಐಡಿ ಅಲ್ಲಿ ಒಲೆಯ ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಈ ಸೇತುವೆಯನ್ನು ಶಾಲೆಯಲ್ಲೇ ಹಾಕಬಹುದು. ಒಂದು ಕೈಗಾರಿಕಾ ಪ್ರಾಕ್ಸಿಮಿಟಿ ಸೆನ್ಸರ್ (ವಸ್ತು ಹತ್ತಿರ ಬಂದದ್ದನ್ನು ತಿಳಿಸುವುದು) ತಂದು ಅದರ ಮೂರು ವೈರು ಗುರುತಿಸಲಿ: ಕಂದು 24 ವೋಲ್ಟಿಗೆ, ನೀಲಿ ಸೊನ್ನೆಗೆ, ಕಪ್ಪು ಸಂಕೇತಕ್ಕೆ. ಅದರ ಕಪ್ಪು ವೈರನ್ನು ನೇರವಾಗಿ ಉನೊಗೆ ಕೊಟ್ಟರೆ ಬೋರ್ಡು ಸುಡಬಹುದು, ನಡುವೆ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಭಾಗ) ಬೇಕು. ಗಾಡಿಗೊಂದು ಕೆಂಪು ನಿಲುಗಡೆ ಬಟನ್ ಹಾಕಿಸಿ, ಅದನ್ನು ಎನ್‌ಸಿ (ಒತ್ತದಿದ್ದಾಗ ಕೂಡಿರುವ) ಸಂಪರ್ಕಕ್ಕೇ ಕೊಡಿಸಿ, ಆಮೇಲೆ ವೈರನ್ನು ಕತ್ತರಿಸಿ ತೋರಿಸಿ. ವೈರು ತುಂಡಾದಾಗ ಯಂತ್ರ ನಿಲ್ಲಬೇಕು, ಓಡುತ್ತಲೇ ಇರಬಾರದು. ಎನ್‌ಒ (ಒತ್ತಿದಾಗ ಮಾತ್ರ ಕೂಡುವ) ಸಂಪರ್ಕಕ್ಕೆ ಕೊಟ್ಟ ಬಟನ್ ವೈರು ತುಂಡಾಗಿದ್ದರೂ ಚೆನ್ನಾಗಿರುವಂತೆಯೇ ಕಾಣುತ್ತದೆ, ಒತ್ತಬೇಕಾದ ದಿನ ಕೈಕೊಡುತ್ತದೆ. ಲ್ಯಾಡರ್ ಕಲಿಯಲು ಓಪನ್‌ಪಿಎಲ್‌ಸಿ ಎಂಬ ಉಚಿತ ತಂತ್ರಾಂಶ ಇದೆ, ಉನೊ ಮೇಲೆಯೇ ಓಡುತ್ತದೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ಪ್ರವೇಶ ಶುರುವಾಗುವ ನಡುವಿನ ವಾರಗಳಲ್ಲಿ ಹತ್ತನೆಯವರು ಬಿಡುವಾಗಿರುತ್ತಾರೆ. ಗಾಡಿಗಳನ್ನು ಬಿಚ್ಚಿ, ಪ್ರತಿ ಮೋಟಾರ್ ಪರೀಕ್ಷಿಸಿ, ಕೆಟ್ಟದ್ದಕ್ಕೆ ಚೀಟಿ ಅಂಟಿಸಿ, ಸೆಲ್ಲುಗಳನ್ನು 3.7–3.8 ವೋಲ್ಟಿನಲ್ಲಿ ರಜೆಗೆ ಎತ್ತಿಡುವ ಕೆಲಸ ಅವರದ್ದಾಗಲಿ. ಶಾಲೆಗೆ ಬಂದಾಗಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಬಹುದು. 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ. ಇದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲುರುಜು ಬೇಕಾಗಬಹುದು. ಪ್ರೈಮರಿ ಒಂದು ಶಾಲೆ, ಹೈಸ್ಕೂಲ್ ಇನ್ನೊಂದು ತಾಲ್ಲೂಕಾಗಿದ್ದರೆ ಎರಡು ಬಿಇಒ ಕಚೇರಿಗೆ ಓಡಾಟ. ಎರಡು ವರ್ಷ ಕಳೆದು ಸಿಇಟಿ ಅರ್ಜಿಯ ಕೊನೆಯ ವಾರದಲ್ಲಿ ಅದಕ್ಕಾಗಿ ಅಲೆಯುವ ಬದಲು ಈಗಲೇ ಮಾಡಿಸಿ, ಹೆಸರು ಮತ್ತು ಇನಿಷಿಯಲ್ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.